ಜಾಮೀನು ಸಹಿ ಹಾಕುವವರು ಯಾರೂ ಇಲ್ಲ, ತಮ್ಮನ ಇಂಜಿನಿಯರಿಂಗ್ ಫೀಸ್ ಹೇಗೆ ಕಟ್ಟೋದು?

ಡೊಂಬಿವಲಿ ಅಕ್ಕ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ತಮ್ಮನಿಗೆ ಕ್ಯಾಪ್ (ಮಹಾರಾಷ್ಟ್ರದ ಕೇಂದ್ರೀಕೃತ ಸೀಟು ಹಂಚಿಕೆ) ಮೊದಲ ರೌಂಡಿನಲ್ಲೇ ನವಿ ಮುಂಬಯಿಯ ಒಂದು ಖಾಸಗಿ ಕಾಲೇಜಿನಲ್ಲಿ ಕಂಪ್ಯೂಟರ್ ಸೀಟು ಸಿಕ್ಕಿದೆ. ಟ್ಯೂಷನ್ ಫೀಸ್ ವರ್ಷಕ್ಕೆ 1,24,000. ಡೆವಲಪ್‌ಮೆಂಟ್ ಫೀಸ್ ಅದು ಇದು ಅಂತ ಇನ್ನು 16,000. ನಾಲ್ಕು ವರ್ಷಕ್ಕೆ 5,60,000. ನಮ್ಮದು ಓಪನ್ ಕೆಟಗರಿ.

ಅಪ್ಪ ಅಂಧೇರಿಯಲ್ಲಿ ಒಂದು ಆಫೀಸಿನ ಕ್ಯಾಂಟೀನ್ ನಡೆಸ್ತಿದ್ರು. 2020ರಲ್ಲಿ ಆಫೀಸು ಮುಚ್ಚಿತು, ಕ್ಯಾಂಟೀನೂ ಮುಚ್ಚಿತು, ಅದರ ಮೇಲಿದ್ದ ಸಾಲದ ಕಂತು ನಿಂತಿತು. ಈಗ ಕಲ್ಯಾಣದಲ್ಲಿ ಊರಿನವರೊಬ್ಬರ ಹೋಟೆಲಿನಲ್ಲಿ ಗಲ್ಲಾದಲ್ಲಿ ಕೂರ್ತಾರೆ. ವರ್ಷದ ಆದಾಯ 3,20,000. ಸಾಲ ಸರಿಯಾಗಿ ತೀರಿಸ್ತಾರಾ ಅಂತ ಹೇಳೋ ಸಿಬಿಲ್ ಅಂಕ 540, ಕಮ್ಮಿ.

ಹೋದ ಸೋಮವಾರ ಬ್ಯಾಂಕಿಗೆ ಹೋದೆವು. ಮ್ಯಾನೇಜರ್ ನಮ್ಮ ಫೈಲು ಬಿಚ್ಚಲೇ ಇಲ್ಲ. ಅಪ್ಪನ ಪ್ಯಾನ್ ನಂಬರ್ ಹೊಡೆದು, ಪರದೆಯನ್ನು ಸ್ವಲ್ಪ ನಮ್ಮ ಕಡೆ ತಿರುಗಿಸಿ, ಪೆನ್ಸಿಲ್ ತುದಿಯಿಂದ ಆ ಅಂಕೆ ತೋರಿಸಿದರು. ಗವರ್ನಮೆಂಟ್ ನೌಕರಿಯವರು ಯಾರಾದರೂ ಇದ್ದರೆ ಕರ್ಕೊಂಡು ಬನ್ನಿ, ಆಮೇಲೆ ನೋಡೋಣ ಅಂದರು. ಹೊರಗೆ ಬಂದ ಮೇಲೆ ಅಪ್ಪ ಕೇಳಿದ್ದು ಒಂದೇ ಮಾತು, "ಚಾ ಕುಡಿತೀಯಾ?"

ನಮ್ಮ ಸೋದರಮಾವ ರೈಲ್ವೆಯಲ್ಲಿದ್ದಾರೆ. ಅವರು ಹೇಳಿದ್ದು, "ಸಹಿ ಒಂದು ಬಿಟ್ಟು ಬೇರೆ ಏನು ಬೇಕಾದ್ರೂ ಕೇಳು ಮಗಾ." ನನಗೆ ಕೆಲಸ ಸಿಕ್ಕಿ ಒಂಬತ್ತು ತಿಂಗಳು, ಸಂಬಳ 24,000. ನನ್ನ ಸಹಿ ಸಾಲಲ್ಲವಂತೆ.

ಯಾರ ಸಹಿಯೂ ಇಲ್ಲದೆ ಸಾಲ ಸಿಗುವ ದಾರಿ ಇದೆಯಾ? ಅಥವಾ ಸಾಲವೇ ಬೇಡದ ದಾರಿ? ಫೀಸ್ ಕಟ್ಟೋಕೆ ಹನ್ನೊಂದು ದಿನ ಇದೆ.

ವಿರಾರ್ ಫಾಸ್ಟ್

ದಾರಿ ಬೇರೆಯವರು ಹೇಳ್ತಾರೆ. ನಾನು ನಿಮ್ಮ ಮಾವನ ಪರ ಎರಡು ಮಾತು ಆಡ್ತೇನೆ.

2010ರಲ್ಲಿ ನನ್ನ ಚಿಕ್ಕಪ್ಪನ ಮೊಮ್ಮಗನ ಓದಿನ ಸಾಲಕ್ಕೆ ನಾನು ಜಾಮೀನು ಹಾಕಿದ್ದೆ. ಒಳ್ಳೆ ಹುಡುಗ, ಈಗಲೂ ಒಳ್ಳೆಯವನೇ. ಓದು ಮುಗಿಸಿ ಗಲ್ಫಿಗೆ ಹೋದ, ಕೆಲಸ ಹೋಯ್ತು, ಕಂತು ನಿಲ್ಲಿಸಿದ, ನಾಚಿಕೆಗೆ ಯಾರಿಗೂ ಹೇಳಲಿಲ್ಲ. ನನಗೆ ಗೊತ್ತಾಗಿದ್ದು 2017ರಲ್ಲಿ, ವಿರಾರಿನಲ್ಲಿ ಒಂದು ರೂಮಿನ ಫ್ಲ್ಯಾಟಿಗೆ ಟೋಕನ್ ಕೊಟ್ಟು ಹೋಮ್ ಲೋನಿಗೆ ಹೋದಾಗ. ನನ್ನ ಸಿಬಿಲ್ ರಿಪೋರ್ಟಿನಲ್ಲಿ ನಾನು ಒಂದು ಪೈಸೆ ಮುಟ್ಟದ ಸಾಲ ಕೂತಿತ್ತು, ಪಕ್ಕದಲ್ಲಿ 'ಗ್ಯಾರಂಟರ್' ಅಂತ. 1,40,000 ನಾನೇ ಕಟ್ಟಿ ಬಿಡಿಸಿಕೊಂಡೆ. ಅಷ್ಟರಲ್ಲಿ ಫ್ಲ್ಯಾಟ್ ಬೇರೆಯವರ ಪಾಲಾಗಿತ್ತು. ಹುಡುಗ ಆಮೇಲೆ ಮದುವೆಗೆ ಕರೆದ. ಹೋಗಿ ಊಟ ಮಾಡಿ ಬಂದೆ.

ಮಾವನ ಮೇಲೆ ಮುನಿಸು ಇಟ್ಕೋಬೇಡಿ ಅಂತ ಇಷ್ಟು ಬರೆದೆ.

ಮುಲುಂಡ್ ನಿವೃತ್ತ

ಮೂವತ್ತೊಂದು ವರ್ಷ ಸರ್ಕಾರಿ ಬ್ಯಾಂಕಿನಲ್ಲಿದ್ದೆ, ಅದರಲ್ಲಿ ಆರು ವರ್ಷ ಸಾಲದ ಮೇಜಿನಲ್ಲಿ. ಆ ಮ್ಯಾನೇಜರ್ ಮಾಡಿದಂಥದ್ದನ್ನು ನಾವೂ ಮಾಡಿದ್ದೇವೆ, ಹಾಗಾಗಿ ಬೈಯುವುದಿಲ್ಲ.

ಅಕ್ಕಾ, ನೀವು ಒಂದೇ 'ಸಹಿ' ಅನ್ನುತ್ತಿರುವುದು ಮೂರು ಬೇರೆ ಬೇರೆ ವಸ್ತು. ಸಹ ಸಾಲಗಾರ ಅಂದರೆ ನಿಮ್ಮ ಅಪ್ಪ ಅಥವಾ ಅಮ್ಮ, ತಮ್ಮನ ಜೊತೆಗೇ ಸಾಲ ತೆಗೆದುಕೊಳ್ಳುವವರು. ಜಾಮೀನುದಾರ ಅಂದರೆ ಮೂರನೆಯವನು, ವಿರಾರಿನವರ ಥರ ಸಿಕ್ಕಿಬೀಳುವವನು. ಅಡಮಾನ ಅಂದರೆ ಮನೆ ಪತ್ರ, ಎಫ್‌ಡಿ, ಎಲ್‌ಐಸಿ ಬಾಂಡು. ನಿಮಗೆ ನಿಜವಾಗಿ ಬೇಕಿರುವುದು ಮೊದಲನೆಯದು ಮಾತ್ರ. ಮ್ಯಾನೇಜರ್ ಕೇಳಿದ್ದು ಎರಡನೆಯದು.

ನಿಯಮ ಹೀಗಿದೆ. ಬ್ಯಾಂಕುಗಳ ಸಂಘದ ಮಾದರಿ ಯೋಜನೆಯಲ್ಲಿ 4 ಲಕ್ಷದವರೆಗೆ ಅಡಮಾನವೂ ಇಲ್ಲ, ಮೂರನೆಯವರ ಜಾಮೀನೂ ಇಲ್ಲ, ಕೈಯಿಂದ ಹಾಕಬೇಕಾದ ಮಾರ್ಜಿನ್ನೂ ಇಲ್ಲ. 4 ಲಕ್ಷದವರೆಗೆ ಅಡಮಾನ ಕೇಳಕೂಡದು ಎಂದು ರಿಸರ್ವ್ ಬ್ಯಾಂಕೇ 2010ರಲ್ಲಿ ಬರೆದು ಕಳಿಸಿದೆ. ಅದರಿಂದ ಮೇಲೆ 7.5 ಲಕ್ಷದವರೆಗೆ 2015ರಿಂದ ಕೇಂದ್ರದ ಕ್ರೆಡಿಟ್ ಗ್ಯಾರಂಟಿ ನಿಧಿ ಇದೆ. ಸಾಲ ಮುಳುಗಿದರೆ ಮುಕ್ಕಾಲು ಭಾಗ ಆ ನಿಧಿ ತುಂಬುತ್ತದೆ. ಅದಕ್ಕೆ ಪ್ರತಿಯಾಗಿ ಬ್ಯಾಂಕು ಅಡಮಾನ, ಜಾಮೀನು ಎರಡನ್ನೂ ಕೇಳುವಂತಿಲ್ಲ. ಶಾಖೆಯಲ್ಲಿ ಯಾಕೆ ಕೇಳುತ್ತಾರೆ ಅಂದರೆ, ಮುಳುಗಿದ ಸಾಲದ ಫೈಲು ಹಿಡಿದು ಕ್ಲೇಮಿಗೆ ಓಡಾಡುವ ಕೆಲಸ ಶಾಖೆಯದ್ದು. ರೈಲ್ವೆ ಮಾವನ ಸಹಿ ಇದ್ದರೆ ಆ ಓಡಾಟ ತಪ್ಪುತ್ತದೆ.

ಈಗ ನನ್ನ ಪ್ರಶ್ನೆ. ಅಮ್ಮನ ಹೆಸರಲ್ಲಿ ಯಾವಾಗಲಾದರೂ ಸಾಲ ಇತ್ತೇ? ಇಲ್ಲದಿದ್ದರೆ ಅವರ ಸಿಬಿಲ್ 'ಇತಿಹಾಸವಿಲ್ಲ' ಎಂದು ಬರುತ್ತದೆ. ಇತಿಹಾಸ ಇಲ್ಲದಿರುವುದು ಬೇರೆ, ಇತಿಹಾಸ ಕೆಟ್ಟಿರುವುದು ಬೇರೆ. ಅಪ್ಪನ ಬದಲು ಅಮ್ಮನನ್ನು ಸಹ ಸಾಲಗಾರರಾಗಿ ಹಾಕಿ. ಆದಾಯ ಕಮ್ಮಿ ಅಂದರೆ, ಈ ಯೋಜನೆ ನೋಡಬೇಕಾದ್ದು ಹುಡುಗನ ಮುಂದಿನ ಸಂಪಾದನೆಯನ್ನು ಎಂದು ವಿನಯದಿಂದ ನೆನಪಿಸಿ. ಗಲಾಟೆ ಬೇಡ, ಗಲಾಟೆ ಮಾಡಿದವರ ಫೈಲು ಎಲ್ಲಿಗೆ ಹೋಗುತ್ತದೆ ಅಂತ ನನಗೆ ಗೊತ್ತು.

ಮತ್ತೆ, ಬಾಯಿಮಾತಿನ 'ಇಲ್ಲ'ಕ್ಕೆ ದಾಖಲೆಯೇ ಇರುವುದಿಲ್ಲ. ಓದಿನ ಸಾಲಕ್ಕೆಂದೇ ಇರುವ ವಿದ್ಯಾಲಕ್ಷ್ಮಿ ಪೋರ್ಟಲಿನಲ್ಲಿ ಅರ್ಜಿ ಹಾಕಿ. ಆಗ 'ಇಲ್ಲ' ಅನ್ನಲೂ ಕಾರಣ ಬರೆಯಬೇಕು, ಮೇಲಧಿಕಾರಿಯ ಒಪ್ಪಿಗೆ ಬೇಕು. ನಿಮ್ಮ ಮನೆ ನಮ್ಮ ಏರಿಯಾ ಅಲ್ಲ ಅನ್ನುವ ಉತ್ತರ ಬಂದರೆ, ಅದು ಕಾರಣವೇ ಅಲ್ಲ ಎಂದು 2012ರಲ್ಲೇ ರಿಸರ್ವ್ ಬ್ಯಾಂಕು ಹೇಳಿದೆ. ಲಿಖಿತ ದೂರು ಕೊಟ್ಟು 30 ದಿನವಾದರೂ ಬ್ಯಾಂಕು ಸುಮ್ಮನಿದ್ದರೆ ದೂರು ಕೇಳಲು ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಇದ್ದಾರೆ. ಆದರೆ ನಿಮ್ಮ ಹನ್ನೊಂದು ದಿನಕ್ಕೆ ಅದು ಮದ್ದಲ್ಲ.

ಸಯಾನ್ ಸ್ಟೇಷನ್

ನವೆಂಬರ್ 2024ರಲ್ಲಿ ಕೇಂದ್ರ ಕ್ಯಾಬಿನೆಟ್ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಅನ್ನೋ ಓದಿನ ಸಾಲದ ಯೋಜನೆ ಯಾಕೆ ಯಾರೂ ಹೇಳ್ತಿಲ್ಲ? ಅದರಲ್ಲಿ ಗ್ಯಾರಂಟರ್ ಬೇಡ, ಅಡಮಾನ ಬೇಡ, ಮೊತ್ತ ಎಷ್ಟೇ ಇರಲಿ.

ಮುಲುಂಡ್ ನಿವೃತ್ತ

ಸರಿ, ಆದರೆ ಅದು ಪಟ್ಟಿಯಲ್ಲಿರುವ ಕಾಲೇಜುಗಳಿಗೆ ಮಾತ್ರ. ಶುರುವಿನಲ್ಲಿ 860 ಸಂಸ್ಥೆ. ಐಐಟಿ ಬಾಂಬೆ, ಮಾಟುಂಗಾದ ಐಸಿಟಿ, ಗೋವಾದ ಎನ್‌ಐಟಿ, ಆ ಥರದವು. ಅಕ್ಕ ತಮ್ಮನ ಕಾಲೇಜಿನ ಹೆಸರು ಆ ಯೋಜನೆಯ ಪೋರ್ಟಲಿನ ಪಟ್ಟಿಯಲ್ಲಿ ಹುಡುಕಲಿ. ಇದ್ದರೆ ಅದೃಷ್ಟ. ಹೆಸರು ಹತ್ತಿರ ಹತ್ತಿರ ಇರುವುದರಿಂದ ನಾನು ಹೇಳಿದ ಪೋರ್ಟಲನ್ನೂ ಈ ಯೋಜನೆಯನ್ನೂ ಜನ ಒಂದೇ ಅಂದುಕೊಳ್ಳುತ್ತಾರೆ, ಒಂದೇ ಅಲ್ಲ.

ಭೋಸರಿ ಡಿಪ್ಲೊಮಾ

ನಿವೃತ್ತರು ಸಾಲದಿಂದ ಶುರು ಮಾಡಿದರು. ನಾನು ಸಾಲವನ್ನು ಮೊದಲು ಸಣ್ಣದು ಮಾಡಿ ಅಂತೀನಿ.

ಅಕ್ಕಾ, ತಮ್ಮ ಮಹಾರಾಷ್ಟ್ರದಲ್ಲೇ ಹುಟ್ಟಿ ಬೆಳೆದವನಾ? ಡೊಮಿಸೈಲ್, ಅಂದರೆ ಈ ರಾಜ್ಯದ ನಿವಾಸಿ ಅನ್ನೋ ಪತ್ರ, ಇದೆಯಾ? ಇದ್ದರೆ ರಾಜ್ಯದ ಸ್ಕಾಲರ್‌ಶಿಪ್ ಪೋರ್ಟಲ್ ಮಹಾಡಿಬಿಟಿಯಲ್ಲಿ ರಾಜರ್ಷಿ ಛತ್ರಪತಿ ಶಾಹು ಮಹಾರಾಜ ಶಿಕ್ಷಣ ಶುಲ್ಕ ಶಿಷ್ಯವೃತ್ತಿ ಹಾಕಿ. ಜನ ಇಬಿಸಿ ಅಂತಾರೆ. ಓಪನ್ ಕೆಟಗರಿ, ಮನೆ ಆದಾಯ 8 ಲಕ್ಷದೊಳಗೆ, ಸೀಟು ಕ್ಯಾಪಿನಿಂದ ಬಂದಿರಬೇಕು, ಮನೆಯಲ್ಲಿ ಇಬ್ಬರು ಮಕ್ಕಳಿಗೆ ಮಾತ್ರ. ಟ್ಯೂಷನ್ ಫೀಸ್ ಅರ್ಧ ಮಾಫ್. ಮ್ಯಾನೇಜ್‌ಮೆಂಟ್ ಸೀಟಿಗೆ ಇಲ್ಲ. ಕನ್ನಡದವರಿಗೆ ಇಲ್ಲ ಅಂತ ನಮ್ಮಲ್ಲಿ ಎಷ್ಟೋ ಜನ ಅರ್ಜಿಯನ್ನೇ ಹಾಕಲ್ಲ. ಅದು ಕೇಳೋದು ಡೊಮಿಸೈಲ್, ಮನೆಮಾತು ಅಲ್ಲ. ಕೊಲ್ಹಾಪುರದಲ್ಲಿ ಲಿಂಗಾಯತ, ಜೈನ ಹುಡುಗರಿಗೂ ಹಾಸ್ಟೆಲ್ ಮಾಡಿಕೊಟ್ಟ ರಾಜನ ಹೆಸರಿನ ಯೋಜನೆ, ನಾವೇ ಹಿಂದೆ ಸರಿದರೆ ಹೇಗೆ?

ಇನ್ನೊಂದು ಟಿಎಫ್‌ಡಬ್ಲ್ಯೂಎಸ್. ಪ್ರತಿ ಬ್ರಾಂಚಿಗೂ ಶೇ. 5ರಷ್ಟು ಹೆಚ್ಚುವರಿ ಸೀಟು, ಅದಕ್ಕೆ ಟ್ಯೂಷನ್ ಫೀಸೇ ಇಲ್ಲ. ಕಾಲೇಜು ಆರಿಸೋ ಆಪ್ಷನ್ ಫಾರ್ಮಿನಲ್ಲಿ ಆ ಸೀಟಿನ ಚಾಯ್ಸ್ ಕೋಡಿನ ಕೊನೆಗೆ 'ಟಿ' ಅಕ್ಷರ ಇರುತ್ತೆ. ಸೈಬರ್ ಕೆಫೆಯವನು ತುಂಬಿದ ಫಾರ್ಮಾದರೆ ಆ ಟಿ ಬಿಟ್ಟುಹೋಗಿರುತ್ತೆ, ನೂರಕ್ಕೆ ನೂರು. ತಮ್ಮ ಬೆಟರ್‌ಮೆಂಟ್ (ಇನ್ನೂ ಒಳ್ಳೆ ಸೀಟಿಗೆ ಮುಂದಿನ ರೌಂಡು) ಹಾಕಿದ್ದರೆ, ಮೊದಲ ಅರ್ಜಿಯಲ್ಲಿ ಟಿಎಫ್‌ಡಬ್ಲ್ಯೂಎಸ್ ಬೇಕು ಅಂತ ಹೇಳಿದ್ದರೆ, ಮುಂದಿನ ರೌಂಡಿನಲ್ಲಿ ನೋಡಿ. ಆದರೆ ಅದಕ್ಕೆ ಮೆರಿಟ್ ಕಟ್-ಆಫ್ ಜಾಸ್ತಿ ಇರುತ್ತೆ, ಆ ಸೀಟು ತಗೊಂಡ ಮೇಲೆ ಬ್ರಾಂಚ್ ಬದಲಾಯಿಸೋಕೆ ಬರಲ್ಲ.

ನನ್ನ ಕಥೆ ಬೇಕಾದರೆ: ಅಪ್ಪ ಕಲಬುರ್ಗಿಯಿಂದ ಬಂದು ಪುಣೆಯಲ್ಲಿ ಸೆಂಟ್ರಿಂಗ್ ಕೆಲಸ. ಹತ್ತನೇ ಆದ ಮೇಲೆ ಸರ್ಕಾರಿ ಪಾಲಿಟೆಕ್ನಿಕ್. ಮೂರು ವರ್ಷದ ಫೀಸು ಒಂದು ಸೆಕೆಂಡ್ ಹ್ಯಾಂಡ್ ಬೈಕಿನ ದುಡ್ಡಿನಷ್ಟು. ಡಿಪ್ಲೊಮಾದಿಂದ ಬಿಇ ಎರಡನೇ ವರ್ಷಕ್ಕೆ ನೇರ ಪ್ರವೇಶ, ಅಂದರೆ ನಾಲ್ಕು ವರ್ಷದ ಫೀಸಿನ ಜಾಗದಲ್ಲಿ ಮೂರು. ನನ್ನ ರೂಮ್‌ಮೇಟ್ ಬಿಎಸ್ಸಿ ಓದಿದ್ದು ಪುಣೆ ಯೂನಿವರ್ಸಿಟಿಯ 'ಕಮವಾ ಆಣಿ ಶಿಕಾ' (ದುಡಿದು ಕಲಿಯಿರಿ)ದಲ್ಲಿ, ಕರ್ಮವೀರ ಭಾವೂರಾವ್ ಪಾಟೀಲರ ಹೆಸರಿನ ಯೋಜನೆ. ಬೆಳಿಗ್ಗೆ ಲೈಬ್ರರಿ ಪುಸ್ತಕಕ್ಕೆ ರಟ್ಟು ಹಾಕ್ತಿದ್ದ, ಗಂಟೆ ಲೆಕ್ಕದಲ್ಲಿ ದುಡ್ಡು. ಕೈಗೆ ಯಾವಾಗಲೂ ಅಂಟಿನ ವಾಸನೆ. ಅವನಿಗೆ ಫೀಸಿಗಲ್ಲ, ಮೆಸ್ಸಿಗೆ ಅದು ಸಾಕಾಗ್ತಿತ್ತು.

ವಾಸ್ಕೋ ಗದಗ

ನಾವು ಗೋವಾದಾಗ ಅದೀವ್ರಿ, ಬೈನಾದಾಗ. ನಮ್ಮ ತಂಗೀಗೆ ಎಐಸಿಟಿಇ (ಕೇಂದ್ರದ ತಾಂತ್ರಿಕ ಶಿಕ್ಷಣ ಮಂಡಳಿ) ಪ್ರಗತಿ ಸ್ಕಾಲರ್‌ಶಿಪ್ ಬಂತು, ವರ್ಷಕ್ಕ 50,000. ಹೆಣ್ಣುಮಕ್ಕಳಿಗಷ್ಟ, ಮನ್ಯಾಗ ಇಬ್ಬರಿಗೆ ಕೊಡ್ತಾರ, ಆದಾಯ 8 ಲಕ್ಷದೊಳಗ ಇರಬೇಕು. ಯಾರ ಸಹೀನೂ ಬೇಕಾಗಿಲ್ಲ, ಆಧಾರ್ ಲಿಂಕ್ ಇದ್ದ ಅಕೌಂಟ್ ಇದ್ರ ಸಾಕು. ಅಕ್ಕಾರ ತಮ್ಮಗ ಅದು ಬರಂಗಿಲ್ಲ, ಖರೆ. ಓದೋರು ಯಾರರ ಇರ್ತಾರಂತ ಬರದೆ. ತಂದಿ ತಾಯಿ ಇಲ್ಲದ ಮಕ್ಕಳಿಗೆ ಅದರ ಜೋಡಿನ 'ಸ್ವನಾಥ' ಅಂತ ಐತಿ, ಅದೂ 50,000. ಸಹಿ ಹಾಕವರ ಇಲ್ಲ ಅಂದ್ರ ಏನು ಅಂತ ಆ ಮಕ್ಕಳನ್ನ ಕೇಳಬೇಕ್ರಿ.

ಇಲ್ಲಿ ಗೋವಾ ಸರ್ಕಾರದ ಶಿಕ್ಷಣ ಅಭಿವೃದ್ಧಿ ನಿಗಮ ಬಡ್ಡಿ ಇಲ್ಲದ ಸಾಲ ಕೊಡತೈತಿ. ನಾವೂ ಓಡಾಡಿದ್ವಿ. ಇಲ್ಲಿ ಭಾಳ ವರ್ಷ ಇದ್ದದ್ದಕ್ಕ ದಾಖಲೆ ಕೇಳ್ತಾರ. ಅಪ್ಪ ಬಂದರಿನ್ಯಾಗ ಇಪ್ಪತ್ತೆರಡು ವರ್ಷ ಮೂಟಿ ಹೊತ್ತಾನ, ಆದ್ರ ರೇಷನ್ ಕಾರ್ಡ್ ಊರಾಗ, ವೋಟರ್ ಕಾರ್ಡ್ ವಾಸ್ಕೋದಾಗ, ಬಾಡಿಗಿ ಮನಿಗೆ ಕರಾರು ಪತ್ರನ ಇಲ್ಲ. ಹೊತ್ತ ಮೂಟಿಗೆ ರಸೀತಿ ಯಾರು ಕೊಡ್ತಾರ? ಕಾಗದ ಒಂದ ರಾಜ್ಯದಾಗ ಇಟ್ಟುಕೊಳ್ರಿ ಅಂತ ಎಲ್ಲಾರಿಗೂ ಹೇಳ್ತೇನಿ.

ಅಂಬರನಾಥ್ 18

ಹೆಣ್ಣುಮಕ್ಕಳ ಮಾತು ಬಂದಿದ್ದಕ್ಕೆ: ಮಹಾರಾಷ್ಟ್ರದಲ್ಲಿ 2024-25ರಿಂದ ಒಬಿಸಿ, ಇಡಬ್ಲ್ಯೂಎಸ್ (ಆರ್ಥಿಕವಾಗಿ ಹಿಂದುಳಿದ), ಎಸ್‌ಇಬಿಸಿ (ಸಾಮಾಜಿಕವಾಗಿ, ಶೈಕ್ಷಣಿಕವಾಗಿ ಹಿಂದುಳಿದ) ಹುಡುಗಿಯರಿಗೆ ವೃತ್ತಿಪರ ಕೋರ್ಸಿನ ಟ್ಯೂಷನ್, ಪರೀಕ್ಷಾ ಶುಲ್ಕ ಪೂರ್ತಿ ಮಾಫ್. ಆದಾಯ 8 ಲಕ್ಷದೊಳಗೆ, ಸೀಟು ಕ್ಯಾಪಿನದ್ದೇ ಆಗಿರಬೇಕು.

ಮಾಟುಂಗಾ ಮೈಸೂರುಪಾಕ್

ನಮ್ಮ ಸಂಘಗಳನ್ನು ಮರೆತೇಬಿಟ್ರಾ? ಕುರ್ಲಾದ ಬಂಟರ ಸಂಘ, ಸಾಂತಾಕ್ರೂಜಿನ ಬಿಲ್ಲವರ ಅಸೋಸಿಯೇಶನ್, ಮೊಗವೀರರದ್ದು, ದೇವಾಡಿಗರದ್ದು, ಕುಲಾಲರದ್ದು, ಒಂದೊಂದು ಸಮಾಜಕ್ಕೂ ಒಂದೊಂದು ವಿದ್ಯಾನಿಧಿ ಇದೆ. ನಿಮ್ಮ ಸಮಾಜದ ಸಂಘದ ಆಫೀಸಿಗೆ ಮಾರ್ಕ್ಸ್ ಕಾರ್ಡ್, ಫೀಸ್ ರಸೀದಿ, ಆದಾಯ ಪತ್ರ ಹಿಡ್ಕೊಂಡು ಹೋಗಿ. ದೊಡ್ಡ ಮೊತ್ತ ಅಲ್ಲ, ಆದರೆ ಒಂದು ಸೆಮಿಸ್ಟರಿನ ಪುಸ್ತಕ, ಪಾಸು ಕಳೆಯುತ್ತೆ. ಒಂದಿಬ್ಬರು ಹೋಟೆಲ್ ಮಾಲೀಕರು ಇಡೀ ಓದಿನ ಖರ್ಚು ಹೊತ್ತುಕೊಂಡದ್ದೂ ನನಗೆ ಗೊತ್ತು. ಹಗಲು ಹೋಟೆಲಿನಲ್ಲಿ ಟೇಬಲ್ ಒರೆಸಿ, ರಾತ್ರಿ ಫೋರ್ಟಿನ ಕನ್ನಡ ಶಾಲೆಯಲ್ಲಿ ಓದಿ ಮೇಲೆ ಬಂದವರ ಊರು ಇದು.

ಹೆಸರು ಬೇಡ

ಆ ಸಂಘದ ಸ್ಕಾಲರ್‌ಶಿಪ್ ನಾನೂ ತಗೊಂಡಿದ್ದೇನೆ. ಸ್ಟೇಜಿಗೆ ಹತ್ತಿಸಿ, ಕವರ್ ಕೈಗೆ ಕೊಟ್ಟು, ಫೋಟೋ ಸರಿ ಬರಲಿಲ್ಲ ಅಂತ ವಾಪಸ್ ತಗೊಂಡು ಮತ್ತೆ ಕೊಟ್ಟರು. ಅಮ್ಮ ಕೆಳಗೆ ಮೂರನೇ ಸಾಲಿನಲ್ಲಿ. ಕವರಿನಲ್ಲಿ 3,000 ಇತ್ತು. ಆ ಫೋಟೋ ಇವತ್ತಿಗೂ ಯಾರದೋ ಫೇಸ್‌ಬುಕ್ಕಿನಲ್ಲಿದೆ.

ಮಾಟುಂಗಾ ಮೈಸೂರುಪಾಕ್

ನಿಮಗಾದ ನೋವು ಸುಳ್ಳು ಅನ್ನಲ್ಲ. ಈಗ ಕೆಲವು ಕಡೆ ನೇರ ಅಕೌಂಟಿಗೆ ಹಾಕ್ತಾರೆ. ಹಾಕದ ಕಡೆ ನಾನೇ ಕಮಿಟಿಯಲ್ಲಿ ಜಗಳ ಆಡ್ತೇನೆ, ಪ್ರಾಮಿಸ್.

ಮೀರಾ ರೋಡ್ ಮಾವ

ನಡುವೆ ನನ್ನದೊಂದು. ಮಗಳಿಗೆ ಅಮೆರಿಕದಲ್ಲಿ ಎಂಎಸ್ ಸೀಟು. ಅಲ್ಲಿ ಕೋ-ಸೈನರ್ ಇಲ್ಲದೆ ಸಾಲ ಸಿಗುತ್ತೆ ಅಂತಾರಲ್ಲ?

ಜೆರ್ಸಿ ಸಿಟಿ ಕುಂದಾಪ್ರ

ಅಲ್ಲಿನ ಫೆಡರಲ್ ಸಾಲಕ್ಕೆ ಸಾಮಾನ್ಯವಾಗಿ ಕೋ-ಸೈನರ್ ಬೇಡ, ಹೌದು. ಆದರೆ ಅದು ಅಲ್ಲಿನ ನಾಗರಿಕರಿಗೆ, ಗ್ರೀನ್ ಕಾರ್ಡಿನವರಿಗೆ. ಸ್ಟೂಡೆಂಟ್ ವೀಸಾದವರಿಗೆ ಇಲ್ಲ. ಅಲ್ಲಿನ ಖಾಸಗಿ ಬ್ಯಾಂಕುಗಳು ನಮ್ಮ ಮಕ್ಕಳಿಗೆ ಕೊಡೋದಾದರೆ ಅಲ್ಲಿಯವರೇ ಒಬ್ಬರು ಸಹಿ ಹಾಕಬೇಕು. ಪ್ರಾಡಿಜಿ, ಎಂಪವರ್ ಥರದವರು ಸಹಿಯಿಲ್ಲದೆ ಕೊಡ್ತಾರೆ, ಆಯ್ದ ಯೂನಿವರ್ಸಿಟಿಗಳಿಗೆ, ಹುಡುಗಿ ಮುಂದೆ ಎಷ್ಟು ದುಡಿಯಬಹುದು ಅಂತ ಲೆಕ್ಕ ಹಾಕಿ. ಸಾಲ ಡಾಲರಿನಲ್ಲಿ. ಅಲ್ಲೇ ಕೆಲಸ ಸಿಕ್ಕಿದರೆ ಸರಿ. ವಾಪಸ್ ಬಂದು ರೂಪಾಯಿಯಲ್ಲಿ ದುಡಿದು ಡಾಲರ್ ಕಟ್ಟೋದು ಹೊಳೆಗೆ ಎದುರು ಈಜಿದ ಹಾಗೆ. ಬೇರೆ ಎಳೆ ಶುರು ಮಾಡಿ ಮಾವ, ಇಲ್ಲಿ ಆ ಹುಡುಗನ ಕೆಲಸ ಆಗಲಿ.

ಡೊಂಬಿವಲಿ ಅಕ್ಕ

ಎಲ್ಲ ಎರಡೆರಡು ಸಲ ಓದಿದೆ. ಫಾರ್ಮು ತೆಗೆದು ನೋಡಿದೆವು. ಟಿ ಇರಲಿಲ್ಲ. ಮೊದಲ ಆಯ್ಕೆಯೇ ಸಿಕ್ಕಿರೋದರಿಂದ ಮುಂದಿನ ರೌಂಡೂ ಇಲ್ಲ. ತಮ್ಮ ಅರ್ಧ ದಿನ ಮಾತಾಡಲಿಲ್ಲ.

ಇಬಿಸಿ ಬರುತ್ತೆ, ಅವನು ಹುಟ್ಟಿದ್ದು ಕಲ್ಯಾಣದಲ್ಲೇ. ಲೆಕ್ಕ ಹಾಕಿದೆ: ಟ್ಯೂಷನ್ ಅರ್ಧ 62,000, ಇತರೆ 16,000, ಒಟ್ಟು 78,000. ನಾಲ್ಕು ವರ್ಷಕ್ಕೆ 3,12,000. ಲ್ಯಾಪ್‌ಟಾಪಿಗೆ 45,000 ಸೇರಿಸಿದರೆ 3,57,000. ನಿವೃತ್ತರು ಹೇಳಿದ 4 ಲಕ್ಷದ ಒಳಗೇ ಬಂತು! ಇಷ್ಟು ದಿನ 5,60,000ಕ್ಕೆ ಜಾಮೀನು ಹುಡುಕ್ತಾ ಇದ್ದೆವು.

ಅಮ್ಮನ ಹೆಸರಲ್ಲಿ ಸಾಲ ಇಲ್ಲ. ಆದರೆ ಪಿಗ್ಮಿ ಇದೆ, ದಿನಕ್ಕೆ 50 ರೂಪಾಯಿ, ಆರು ವರ್ಷದಿಂದ. ಟಿಫಿನ್ ಡಬ್ಬಿ ಮಾಡಿ ಕೊಡ್ತಾರೆ, ಅದರದ್ದು. ಆ ಪುಸ್ತಕ ತೋರಿಸಬಹುದಾ?

ಮುಲುಂಡ್ ನಿವೃತ್ತ

ತೋರಿಸಬಹುದಾ ಅಂತ ಕೇಳುತ್ತೀರಾ! ಎರಡಾಣೆಯ ಪಿಗ್ಮಿ ಕಟ್ಟಿಸಿಕೊಂಡೇ 1928ರಿಂದ ಉಡುಪಿಯ ಒಂದು ಬ್ಯಾಂಕು ಬೆಳೆಯಿತು, ಕೊನೆಗೆ 2020ರಲ್ಲಿ ಕೆನರಾ ಬ್ಯಾಂಕಿನೊಳಗೆ ಸೇರಿತು. ದಿನಾ 50 ಅಂದರೆ ವರ್ಷಕ್ಕೆ 18,250. ಆರು ವರ್ಷ ತಪ್ಪದೆ ಕಟ್ಟಿದ ಕೈ ಅಂತ ಯಾವ ಸಿಬಿಲ್ಲೂ ಹೇಳದ್ದನ್ನು ಆ ಪುಸ್ತಕ ಹೇಳುತ್ತದೆ. ಮೊದಲ ಪುಟದಿಂದ ಜೆರಾಕ್ಸ್ ಮಾಡಿಸಿ.

ಇನ್ನೊಂದು ಬಿಟ್ಟಿದ್ದೆ. ಮನೆ ಆದಾಯ 4.5 ಲಕ್ಷದೊಳಗಿದ್ದು, ಕಾಲೇಜಿಗೆ ನ್ಯಾಕ್ ಅಥವಾ ಕೋರ್ಸಿಗೆ ಎನ್‌ಬಿಎ ಗುಣಮಟ್ಟದ ಮಾನ್ಯತೆ ಇದ್ದರೆ, ಓದುವ ಕಾಲ ಮತ್ತು ಆಮೇಲಿನ ಒಂದು ವರ್ಷದ ಬಡ್ಡಿಯನ್ನು ಕೇಂದ್ರವೇ ಕಟ್ಟುತ್ತದೆ. ತಹಸೀಲ್ದಾರರ ಆದಾಯ ಪತ್ರ ಮಂಜೂರಾತಿಯ ಹೊತ್ತಿಗೇ ಬ್ಯಾಂಕಿಗೆ ಕೊಡಿ, 'ಬಡ್ಡಿ ಸಬ್ಸಿಡಿಗೆ' ಎಂದು ಮೇಲೆ ಬರೆದು. ಕೊಡದಿದ್ದರೆ ಯಾರೂ ಕೇಳುವುದಿಲ್ಲ, ಬಡ್ಡಿ ಸುಮ್ಮನೆ ಬೆಳೆಯುತ್ತದೆ.

ಭೋಸರಿ ಡಿಪ್ಲೊಮಾ

ಕಾಲೇಜಿನವರು ಮೊದಲು ಪೂರ್ತಿ ಕಟ್ಟಿ, ಇಬಿಸಿ ಬಂದ ಮೇಲೆ ವಾಪಸ್ ಕೊಡ್ತೀವಿ ಅಂತಾರೆ. ಒಪ್ಕೋಬೇಡಿ. ಅರ್ಧ ಕಟ್ಟಿಸಿಕೊಳ್ಳಿ ಅಂತ ಅರ್ಜಿ ಬರೆದು ಇನ್‌ವರ್ಡ್ (ಸ್ವೀಕೃತಿ) ನಂಬರ್ ಹಾಕಿಸ್ಕೊಳ್ಳಿ. ನನ್ನ ಕ್ಲಾಸಿನವನಿಗೆ ಎರಡನೇ ವರ್ಷದ ದುಡ್ಡು ಬಂದಿದ್ದು ಕೊನೇ ವರ್ಷದಲ್ಲಿ. ಮತ್ತೆ, ಕಾಲೇಜಿನ ಗೇಟಿನಲ್ಲೇ ಟೇಬಲ್ ಹಾಕಿ 'ಪೇಪರ್ ಇಲ್ಲ, ಸಹಿ ಇಲ್ಲ, ಐದೇ ನಿಮಿಷ' ಅನ್ನೋ ಸಾಲದ ಆ್ಯಪ್ ಹುಡುಗರು ಕೂತಿರ್ತಾರೆ. ಅವರಿಗೆ ನಂಬರ್ ಕೂಡ ಕೊಡಬೇಡಿ.

ಡೊಂಬಿವಲಿ ಅಕ್ಕ

ಐದು ವಾರ ಆಯ್ತು, ಹೇಳದೆ ಇದ್ದಿದ್ದಕ್ಕೆ ಕ್ಷಮಿಸಿ.

ಕಾಲೇಜಿನವರು ವಾದ ಮಾಡಿ ಮಾಡಿ ಕೊನೆಗೆ ಅರ್ಧ ಟ್ಯೂಷನ್ ತಗೊಂಡರು. ಮೊದಲ ವರ್ಷದ 78,000ಕ್ಕೆ ಅಮ್ಮ ಪಿಗ್ಮಿ ಮುರಿದರು, ಅದು ಸಾಲದ ದುಡ್ಡಲ್ಲ, ಹನ್ನೊಂದು ದಿನದ ಗಡುವಿಗೆ ಕಟ್ಟಿದ್ದು. ಬ್ಯಾಂಕಿಗೆ ಜೆರಾಕ್ಸ್ ಮೊದಲೇ ಕೊಟ್ಟಿದ್ದೆವು.

ಪೋರ್ಟಲಿನಲ್ಲಿ ಹಾಕಿದ ಅರ್ಜಿ ಅದೇ ಶಾಖೆಗೆ, ಅದೇ ಮ್ಯಾನೇಜರ್ ಹತ್ತಿರ ಹೋಯ್ತು. ಈ ಸಲ ಫೈಲು ಬಿಚ್ಚಿದರು. ಅಮ್ಮನ ಆಧಾರಿನಲ್ಲಿ ಅಪ್ಪನ ಹೆಸರು, ಪ್ಯಾನಿನಲ್ಲಿ ತವರಿನ ಹೆಸರು ಅಂತ ಹತ್ತು ದಿನ ನಿಂತಿತು, ನೋಟರಿ ಅಫಿಡವಿಟ್ ಮಾಡಿಸಿದೆವು. ಜಾಮೀನಿನ ಮಾತು ಯಾರೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ.

ಹೋದ ಶುಕ್ರವಾರ ಸಹಿ. ಅಮ್ಮ ಕನ್ನಡದಲ್ಲಿ ಸಹಿ ಮಾಡ್ತಾರೆ, ಒಂದೊಂದು ಅಕ್ಷರ ಬಿಡಿಸಿ. ಹತ್ತೊಂಬತ್ತು ಕಡೆ ಹಾಕಬೇಕಿತ್ತು. ಹಿಂದೆ ಕ್ಯೂ ಬೆಳೀತಾ ಇತ್ತು, ಅಮ್ಮ ಆತುರ ಮಾಡಲಿಲ್ಲ. ಮುಗಿದ ಮೇಲೆ ಆಫೀಸರ್ ಇನ್ನೊಂದು ಕಾಗದ ತೆಗೆದರು: ಸಹಿ ಇಂಗ್ಲಿಷಿನಲ್ಲಿ ಇಲ್ಲ, ಹಾಗಾಗಿ ಈ ಪತ್ರದಲ್ಲಿರೋದನ್ನ ಇವರ ಭಾಷೆಯಲ್ಲಿ ಇವರಿಗೆ ವಿವರಿಸಿದ್ದೇನೆ ಅಂತ ಯಾರಾದರೂ ಬರೆದುಕೊಡಬೇಕಂತೆ. "ಯಾರು ಹೇಳ್ತೀರಿ?" ಅಂದರು. ಸಾಲಲ್ಲ ಅಂದಿದ್ದರಲ್ಲ, ಆ ನನ್ನ ಸಹಿ ಅಲ್ಲಿ ಬಿತ್ತು.

ಲ್ಯಾಪ್‌ಟಾಪಿನ ದುಡ್ಡು ಅಂಗಡಿಗೇ ನೇರ ಹಾಕ್ತಾರಂತೆ, ಕೊಟೇಶನ್ ಕೇಳಿದ್ದಾರೆ. ಕಲ್ಯಾಣ, ಡೊಂಬಿವಲಿ ಕಡೆ ಜಿಎಸ್‌ಟಿ ಬಿಲ್ ಸರಿಯಾಗಿ ಕೊಡೋ ಅಂಗಡಿ ಯಾರಿಗಾದರೂ ಗೊತ್ತಾ?